ಅಸ್ತೂರಿಯಾಸ್ ಪಟ್ಟದ ಕಥೆ ಗೊಂದಲ ಇಲ್ದೆ ಓದೋದು ಹೇಗೆ: 1388ರ ಎನ್ರಿಕೆಯಿಂದ ಇವತ್ತಿನ ಲೆಯೊನೋರ್ ತನಕ

ಸ್ಪೇನ್ ರಾಜಮನೆತನದ ಸುದ್ದಿ ಬಂದಾಗೆಲ್ಲ "ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್" ಅಂತ ಒಂದು ಮಾತು ಇದ್ದೇ ಇರತ್ತೆ, ನಮ್ಮ ಪೇಪರ್‌ನವ್ರು ಅದನ್ನ ಯುವರಾಣಿ ಅಂತ ಬರೆದು ಮುಂದೆ ಹೋಗ್ತಾರೆ. ಸರಿ, ಅಷ್ಟು ಸಾಕು ಅನ್ನೋರಿಗೆ ಸಾಕು. ಆದ್ರೆ ಈ ಪಟ್ಟ ಯಾರ್ಯಾರಿಗೆ ಸಿಕ್ಕಿತ್ತು ಅಂತ ಲಿಸ್ಟ್ ತೆಗೆದು ನೋಡೋಕೆ ಹೋದ್ರೆ ಎನ್ರಿಕೆ, ಹುವಾನ್, ಇಸಾಬೆಲ್, ಹುವಾನಾ, ಮತ್ತೆ ಇಸಾಬೆಲ್, ಮತ್ತೆ ಹುವಾನಾ, ಒಂದಷ್ಟು ಜನ ಕಾರ್ಲೋಸ್, ಒಂದಷ್ಟು ಜನ ಫೆಲಿಪೆ ಅಂತ ಹೋಗ್ತಾನೇ ಇರತ್ತೆ, ಒಬ್ಬಳ ಹೆಸರೇ ಎರಡೆರಡು ಸಲ ಬರತ್ತೆ, ರಾಜ ಆಗೋದು ಗ್ಯಾರಂಟಿ ಅಂತ ಅನ್ಕೊಂಡೋನು ಮುಂದಿನ ಸಾಲಲ್ಲೇ ಸತ್ತೋಗಿರ್ತಾನೆ. ನಾನು ಮೊದಲನೇ ಸಲ ಓದಿದಾಗ ಅರ್ಧಕ್ಕೇ ಬಿಟ್ಟಿದ್ದೆ. ಆಮೇಲೆ ಒಂದು ದಾರಿ ಸಿಕ್ತು, ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳ್ತೀನಿ, ಇತಿಹಾಸ ಇಷ್ಟ ಇರೋರಿಗೆ, ಕ್ವಿಜ್‌ಗೆ ತಯಾರಿ ಮಾಡೋರಿಗೆ, ಸ್ಪೇನ್‌ಗೆ ಟೂರ್ ಹೋಗೋರಿಗೆ ಉಪಯೋಗ ಆಗತ್ತೆ.

ದಾರಿ ಏನಪ್ಪಾ ಅಂದ್ರೆ, ಹೆಸರು ಇಸವಿ ಬಾಯಿಪಾಠ ಮಾಡೋಕೆ ಹೋಗ್ಬೇಡಿ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ ಕೇಳಿ: ಇವ್ರಿಗೆ ಆವಾಗ್ಲೇ ಈ ಪಟ್ಟ ಕಟ್ಟೋಕೆ ಏನು ಅವಸರ ಇತ್ತು, ಯಾರ ಮೇಲಿನ ಭಯಕ್ಕೆ? ಯಾಕಂದ್ರೆ ಈ ಪಟ್ಟ ಹುಟ್ಟಿದ್ದೇ ಒಂದು ದಾಯಾದಿ ಜಗಳ ಮುಗಿಸೋಕೆ, ಆಮೇಲೂ ಯಾವಾಗ ನೋಡಿದ್ರೂ ಅದರ ಹಿಂದೆ ಒಬ್ಬ ಎದುರಾಳಿನೋ ಒಂದು ಸಾವೋ ನಿಂತಿರತ್ತೆ. ಅದು ಸಿಕ್ಬಿಟ್ರೆ ಇಸವಿ ತಾನಾಗೇ ನೆನಪಿರತ್ತೆ.

ಓದೋಕೆ ಮುಂಚೆ ಮೂರು ಸಣ್ಣ ತಯಾರಿ

ಮೊದಲನೇದು ಉಚ್ಚಾರ. ಸ್ಪ್ಯಾನಿಷ್‌ನಲ್ಲಿ ಇಂಗ್ಲಿಷಿನ ಜೆ ಅಕ್ಷರ ಕಂಡ್ರೆ "ಹ" ಅಂತ ಓದ್ಕೊಳ್ಳಿ, ಹಾಗಾಗಿ ಹುವಾನ್, ಹುವಾನಾ. ಎನ್ರಿಕೆ ಅಂದ್ರೆ ಇಂಗ್ಲಿಷ್ ಪುಸ್ತಕದಲ್ಲಿ ಬರೋ ಹೆನ್ರಿ, ಫೆಲಿಪೆ ಅಂದ್ರೆ ಫಿಲಿಪ್, ಕಾರ್ಲೋಸ್ ಅಂದ್ರೆ ಚಾರ್ಲ್ಸ್, ಹುವಾನ್ ಅಂದ್ರೆ ಜಾನ್. ಎರಡು ಬೇರೆ ಬೇರೆ ಪುಸ್ತಕ ಇಟ್ಕೊಂಡು ಓದೋವಾಗ ಇದು ಗೊತ್ತಿಲ್ದೆ ಇದ್ರೆ ಒಬ್ಬನನ್ನೇ ಇಬ್ಬರು ಅಂತ ಎಣಿಸ್ತೀರ. ಕನ್ನಡದಲ್ಲಿ ಬರ್ಕೊಂಡ್ರೆ ಕೇಳಿಸಿದ ಹಾಗೇ ಬರೆಯೋಕಾಗತ್ತೆ, ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರ್ಕೊಳ್ಳಿ.

ಎರಡನೇದು ತುಂಬಾ ಮುಖ್ಯ, ಇಲ್ಲೇ ಜಾಸ್ತಿ ಜನ ಎಡವೋದು. ಸ್ಪೇನ್‌ನಲ್ಲಿ ರಾಜನ ಮಕ್ಕಳೆಲ್ಲ ಪ್ರಿನ್ಸ್ ಪ್ರಿನ್ಸೆಸ್ ಅಲ್ಲ. ಮಕ್ಕಳು ಇನ್ಫಾಂತೆ, ಹೆಣ್ಣಾದ್ರೆ ಇನ್ಫಾಂತಾ. ಮುಂದಿನ ವಾರಸುದಾರ ಯಾರೋ ಆ ಒಬ್ಬರಿಗೆ ಮಾತ್ರ ಪ್ರಿನ್ಸಿಪೆ ಅಥ್ವಾ ಪ್ರಿನ್ಸೆಸಾ ಅನ್ನೋ ಮಾತು. ಈಗಿನ ರಾಜ 6ನೇ ಫೆಲಿಪೆಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಲೆಯೊನೋರ್ ಪ್ರಿನ್ಸೆಸಾ, ಚಿಕ್ಕವಳು ಸೋಫಿಯಾ ಇನ್ಫಾಂತಾ. ಆಸ್ಥಾನದ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ ಆ ಜಗತ್ಪ್ರಸಿದ್ಧ ಚಿತ್ರದಲ್ಲಿ ಮಧ್ಯ ನಿಂತಿರೋ ಹೊಂಗೂದಲಿನ ಪುಟ್ಟ ಹುಡುಗಿ ಮಾರ್ಗರೀತಾ ಕೂಡ ಇನ್ಫಾಂತಾನೇ, ಅವಳಿಗೆ ಅಸ್ತೂರಿಯಾಸ್ ಪಟ್ಟ ಯಾವತ್ತೂ ಇರ್ಲಿಲ್ಲ.

ಮೂರನೇದು, ಪ್ರಿನ್ಸೆಸಾ ಅಂತ ಕಂಡ ತಕ್ಷಣ ಅವಳು ತನ್ನ ಹಕ್ಕಿನಿಂದ ಆದವಳಾ ಇಲ್ಲ ಮದುವೆ ಆಗಿ ಆದವಳಾ ನೋಡಿ. ಪ್ರಿನ್ಸ್‌ನ ಹೆಂಡತಿಗೂ ಅದೇ ಬಿರುದು. ಲೆತೀಸಿಯಾ 2004ರ ಮೇ 22ರಂದು ಮದುವೆ ಆದ ದಿನದಿಂದ 2014ರ ತನಕ ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್ ಆಗಿದ್ರು, ಅದು ಗಂಡನಿಂದ ಬಂದದ್ದು. ಅವ್ರ ಮಗಳಿಗೆ ಇರೋದು ಸ್ವಂತದ್ದು. ಎರಡನ್ನೂ ಒಂದೇ ಕಾಲಂನಲ್ಲಿ ಬರೀಬೇಡಿ.

1388ನ್ನ ಸರಿಯಾಗಿ ಹಿಡ್ಕೊಳ್ಳಿ

ಎಲ್ಲಕ್ಕೂ ಬೇರು ಇದು, ಇಲ್ಲಿ ಸ್ವಲ್ಪ ಟೈಮ್ ಕೊಡಿ. ಇವತ್ತಿನ ಸ್ಪೇನ್‌ನಲ್ಲಿದ್ದ ಹಳೇ ರಾಜ್ಯಗಳಲ್ಲಿ ಒಂದು ಕಸ್ತೀಲ್ಯ, ಅಲ್ಲಿ ಪೇದ್ರೊ ಅಂತ ರಾಜ, ಅವನನ್ನ 1369ರಲ್ಲಿ ಮೊಂತಿಯೆಲ್ ಅನ್ನೋ ಊರಲ್ಲಿ ಅವನ ಮಲಸೋದರ ಎನ್ರಿಕೆನೇ ಕೊಂದು ಸಿಂಹಾಸನ ಹತ್ತಿದ. ಇವನೇ 2ನೇ ಎನ್ರಿಕೆ, ತ್ರಾಸ್ತಾಮಾರ ವಂಶ ಶುರುವಾಗೋದು ಇವನಿಂದ. ಆದ್ರೆ ಸತ್ತವನಿಗೆ ಮಗಳಿದ್ಲು, ಕೊನ್ಸ್ತಾನ್ಸಾ, ಅವಳನ್ನ ಇಂಗ್ಲೆಂಡ್ ರಾಜನ ಮಗ ಲ್ಯಾಂಕಾಸ್ಟರ್ ಡ್ಯೂಕ್ ಜಾನ್ ಮದುವೆ ಆಗಿ, ಹೆಂಡತಿ ಕಡೆಯಿಂದ ಕಸ್ತೀಲ್ಯ ನಂದು ಅಂತ ಕೂತ. ಸುಮ್ನೆ ಬಾಯ್ಮಾತಲ್ಲ, 1386ರಲ್ಲಿ ಸೈನ್ಯ ತಗೊಂಡು ಗಲೀಸಿಯಾಗೆ ಬಂದು ಇಳಿದೇ ಬಿಟ್ಟ. ಅಷ್ಟೊತ್ತಿಗೆ ಕಸ್ತೀಲ್ಯದಲ್ಲಿ 2ನೇ ಎನ್ರಿಕೆಯ ಮಗ 1ನೇ ಹುವಾನ್ ರಾಜ.

ಯುದ್ಧದಿಂದ ಎರಡು ಕಡೆಯವ್ರಿಗೂ ಏನೂ ಗಿಟ್ಟಲಿಲ್ಲ, ಕೊನೆಗೆ ನಮ್ಮ ಊರುಗಳಲ್ಲಿ ಹಿರಿಯರು ಕೂತು ಮಾಡ್ತಾರಲ್ಲ ಹಾಗೆ, ಹೆಣ್ಣು ಕೊಟ್ಟು ಹೆಣ್ಣು ತಂದು ರಾಜಿ ಆಯ್ತು. 1388ರಲ್ಲಿ ಬಯೋನ್‌ನಲ್ಲಿ ಒಪ್ಪಂದ. ಲ್ಯಾಂಕಾಸ್ಟರ್ ಡ್ಯೂಕ್ ತನ್ನ ಹಕ್ಕು ಬಿಟ್ಕೊಡೋದು, ಅದಕ್ಕೆ 6 ಲಕ್ಷ ಚಿನ್ನದ ಫ್ರಾಂಕ್ ಮತ್ತೆ ವರ್ಷ ವರ್ಷ 40,000 ಫ್ರಾಂಕ್ ಪಡಿಯೋದು, ಅವನ ಮಗಳು ಕತಾಲಿನಾನ ಹುವಾನ್ ರಾಜನ ಮಗ ಎನ್ರಿಕೆಗೆ ಕೊಡೋದು. ಕೊಂದವನ ಮೊಮ್ಮಗ, ಸತ್ತವನ ಮೊಮ್ಮಗಳು, ಇಬ್ಬರಿಗೂ ಪಾಲೆನ್ಸಿಯಾದಲ್ಲಿ ಮದುವೆ. ಹುಡುಗನಿಗೆ ಇನ್ನೂ 9 ವರ್ಷ ತುಂಬಿರ್ಲಿಲ್ಲ, ಹುಡುಗಿ ಅವನಿಗಿಂತ ಆರೇಳು ವರ್ಷ ದೊಡ್ಡವಳು. ಆ ಮದುವೆ ಜೊತೆಗೆ ಈ ಮಕ್ಕಳಿಬ್ಬರಿಗೂ ಕೊಟ್ಟ ಹೊಸ ಬಿರುದೇ ಪ್ರಿನ್ಸ್ ಮತ್ತು ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್. ಇಂಗ್ಲೆಂಡ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಅಂತ ವಾರಸುದಾರನಿಗೆ ಆಗ್ಲೇ ಇತ್ತಲ್ಲ, ಬೀಗರ ಕಡೆಯ ಆ ಪದ್ಧತಿ ನೋಡಿಯೇ ಇಲ್ಲೂ ಬಂತು ಅಂತ ಸಾಮಾನ್ಯವಾಗಿ ಹೇಳ್ತಾರೆ.

ಅಸ್ತೂರಿಯಾಸ್‌ನೇ ಯಾಕೆ ಆರಿಸಿದ್ರು ಅನ್ನೋದಕ್ಕೂ ಉತ್ತರ ಜಗಳದಲ್ಲೇ ಇದೆ. ಹೊರಗೆ ಹೇಳೋ ಕಾರಣ ಚೆನ್ನಾಗಿದೆ: ಸ್ಪೇನ್‌ನ ಉತ್ತರ ತುದಿಯ ಈ ಗುಡ್ಡಗಾಡು ಸೀಮೆಯಲ್ಲೇ ಪೆಲಾಯೊ ಅನ್ನೋ ನಾಯಕ 8ನೇ ಶತಮಾನದಲ್ಲಿ ಕೋವದೋಂಗಾ ಹತ್ತಿರ ಮುಸ್ಲಿಂ ಸೈನ್ಯವನ್ನ ಸೋಲಿಸಿದ್ದು, ಕ್ರೈಸ್ತ ರಾಜ್ಯ ಮತ್ತೆ ಶುರುವಾಗಿದ್ದು ಅಲ್ಲಿಂದ, ಹಾಗಾಗಿ ತೊಟ್ಟಿಲಂಥ ಜಾಗ. ಒಳಗಿನ ಕಾರಣ ಬೇರೆ: ರಾಜ ಹುವಾನ್‌ಗೆ ಅಲ್ಫೋನ್ಸೊ ಅಂತ ಒಬ್ಬ ಮಲಸೋದರ ಇದ್ದ, ನೊರೇನ್ಯಾ ಕೌಂಟ್, ಅಸ್ತೂರಿಯಾಸ್‌ನಲ್ಲಿ ಅವನ ಜಮೀನು ಕೋಟೆ ಎಲ್ಲ ಇತ್ತು, ಪದೇ ಪದೇ ದಂಗೆ ಏಳ್ತಿದ್ದ. ಅವನದ್ದನ್ನ ಕಿತ್ಕೊಂಡು ರಾಜಮನೆತನಕ್ಕೆ ಸೇರಿಸಿ ಆಗಿತ್ತು, ಆ ನೆಲವನ್ನ ಇನ್ನು ಯಾವ ದಾಯಾದಿಗೂ ಸಿಗದ ಹಾಗೆ ವಾರಸುದಾರನ ಹೆಸರಿಗೇ ಗಂಟು ಹಾಕಿದ್ರು. ಅಂದ್ರೆ ಒಂದೇ ಬಿರುದಿನಿಂದ ಇಂಗ್ಲೆಂಡ್ ಕಡೆಯ ಬಾಗಿಲೂ ಮುಚ್ತು, ಮನೆ ಒಳಗಿನ ಬಾಗಿಲೂ ಮುಚ್ತು. ಎರಡೇ ವರ್ಷ, 1390ರಲ್ಲಿ ರಾಜ ಕುದುರೆಯಿಂದ ಬಿದ್ದು ಸತ್ತ, 11 ವರ್ಷದ ಎನ್ರಿಕೆ 3ನೇ ಎನ್ರಿಕೆಯಾಗಿ ಸಿಂಹಾಸನ ಹತ್ತಿದ. ಪಟ್ಟ ತನ್ನ ಕೆಲಸ ಮಾಡಿತ್ತು.

ಹುಟ್ಟಿದ ದಿನ ಅಲ್ಲ, ಪ್ರಮಾಣದ ದಿನ ನೋಡಿ

ಈಗ ನೋಟ್‌ಬುಕ್‌ನಲ್ಲಿ ಕಾಲಂ ಹಾಕ್ಕೊಳ್ಳೋ ಹೊತ್ತು. ಹೆಸರು, ಹುಟ್ಟಿದ ವರ್ಷ, "ಹುರಾ" ಆದ ವರ್ಷ, ಏನಾಯ್ತು. ಹುರಾ ಅಂದ್ರೆ ಪ್ರಮಾಣ. ಕೋರ್ತೆಸ್ ಅಂತ ಅಲ್ಲಿಯ ಸಭೆ, ಅದರಲ್ಲಿ ಊರುಗಳ ಪ್ರತಿನಿಧಿಗಳು, ಸರದಾರರು, ಪಾದ್ರಿಗಳು ಎಲ್ಲ ಸೇರಿ ಈ ಮಗುನೇ ನಮ್ಮ ಮುಂದಿನ ದೊರೆ ಅಂತ ಒಪ್ಕೊಂಡು ಪ್ರಮಾಣ ಮಾಡೋದು. ಮಗು ಪ್ರಮಾಣ ಮಾಡೋದಲ್ಲ, ಮಗುವಿಗೆ ದೊಡ್ಡವ್ರು ಮಾಡೋದು. ಹಳೇ ಕಾಲದಲ್ಲಿ ಪಟ್ಟಕ್ಕೆ ಬಲ ಬರ್ತಿದ್ದಿದ್ದೇ ಇದರಿಂದ. ಮ್ಯಾಡ್ರಿಡ್‌ನಲ್ಲಿ ಪ್ರಾದೊ ಮ್ಯೂಸಿಯಂ ಹಿಂದೆನೇ ಸಾನ್ ಹೆರೋನಿಮೊ ಅಂತ ಚರ್ಚ್ ಇದೆ, 1528ರಲ್ಲಿ ಒಂದು ವರ್ಷದ ಕೂಸು 2ನೇ ಫೆಲಿಪೆಗೆ ಅಲ್ಲೇ ಪ್ರಮಾಣ ಆಗಿದ್ದು, 1833ರಲ್ಲಿ ಇಸಾಬೆಲ್‌ಗೂ ಅಲ್ಲೇ. ಮ್ಯೂಸಿಯಂಗೆ ಹೋದವ್ರು ಹತ್ತು ನಿಮಿಷ ಆ ಮೆಟ್ಟಿಲು ಹತ್ತಿ ಬನ್ನಿ, ಜಾಸ್ತಿ ಜನ ಹೋಗೋದೇ ಇಲ್ಲ.

ಈ ಕಾಲಂ ಇದ್ರೆ ಶುರುವಿನ ಹೆಣ್ಣುಮಕ್ಕಳ ಕಥೆ ಅರ್ಥ ಆಗತ್ತೆ. 3ನೇ ಎನ್ರಿಕೆಗೆ 1401ರಲ್ಲಿ ಮಗಳು ಮರಿಯಾ ಹುಟ್ಟಿದ್ಲು, 1402ರಲ್ಲಿ ಪಟ್ಟ. 1405ರಲ್ಲಿ ತಮ್ಮ ಹುವಾನ್ ಹುಟ್ಟಿದ, ಮರಿಯಾ ಪಟ್ಟ ಹೋಯ್ತು. ಅವಳ ತಪ್ಪೇನೂ ಇಲ್ಲ, ಗಂಡು ಬಂದ ಅಷ್ಟೇ. ಅದೇ ಹುವಾನ್ ರಾಜ ಆದ್ಮೇಲೆ ಅವನಿಗೆ ಮಗಳು ಕತಾಲಿನಾ, ಎರಡು ವರ್ಷಕ್ಕೇ ತೀರ್ಕೊಂಡ್ಲು, ಆಮೇಲೆ 1424ರಲ್ಲಿ ಎರಡನೇ ಮಗಳು ಲೆಯೊನೋರ್‌ಗೆ ಪಟ್ಟ, 1425ರ ಜನವರಿಯಲ್ಲಿ ತಮ್ಮ ಎನ್ರಿಕೆ (ಮುಂದೆ 4ನೇ ಎನ್ರಿಕೆ) ಹುಟ್ಟಿ ಅವಳದ್ದೂ ಹೋಯ್ತು, ಅದೇ ವರ್ಷ ಲೆಯೊನೋರ್ ಕೂಡ ತೀರ್ಕೊಂಡ್ಲು. ಇವತ್ತಿನ ಲೆಯೊನೋರ್‌ಗಿಂತ ಹೆಚ್ಚುಕಮ್ಮಿ 600 ವರ್ಷ ಮುಂಚೆ ಅದೇ ಹೆಸರಿನ ಇನ್ನೊಬ್ಬ ಪ್ರಿನ್ಸೆಸಾ ಇದ್ಲು, ಎರಡು ವರ್ಷನೂ ಬದುಕಲಿಲ್ಲ. ಲಿಸ್ಟ್‌ನಲ್ಲಿ ಒಂದು ಸಾಲು, ಓದೋವಾಗ ಕಣ್ಣು ತಪ್ಪಿ ಹೋಗತ್ತೆ, ನೀವು ಬಿಡ್ಬೇಡಿ.

1462ರಿಂದ 1474: ಪೇಪರ್ ಪೆನ್ ತಗೊಳ್ಳಿ

ಇದು ಇಡೀ ಲಿಸ್ಟ್‌ನ ಅತಿ ಕಷ್ಟದ ಜಾಗ. ಒಂದು ಗೆರೆ ಎಳೀರಿ, ಮೇಲೆ 4ನೇ ಎನ್ರಿಕೆ ಅಂತ ಬರೀರಿ. ಗೆರೆಯ ಎಡಕ್ಕೆ ಅವನ ಮಗಳು ಹುವಾನಾ, ಬಲಕ್ಕೆ ಅವನ ಮಲತಾಯಿಯ ಮಕ್ಕಳು ಅಲ್ಫೋನ್ಸೊ ಮತ್ತು ಇಸಾಬೆಲ್. ಈಗ ಪಟ್ಟ ಎಡಕ್ಕೆ ಬಲಕ್ಕೆ ಓಡಾಡೋದನ್ನ ಬಾಣ ಹಾಕ್ತಾ ಹೋಗಿ.

1462ರಲ್ಲಿ ಹುವಾನಾ ಹುಟ್ಟಿ ಅದೇ ವರ್ಷ ಅವಳಿಗೆ ಪ್ರಮಾಣ ಆಯ್ತು. ಆದ್ರೆ ಸರದಾರರಿಗೆ ರಾಜನ ಮೇಲೆ ಸಿಟ್ಟು, ಈ ಮಗು ರಾಜನದ್ದೇ ಅಲ್ಲ, ಬೆಲ್ತ್ರಾನ್ ದೆ ಲಾ ಕುಯೇವಾ ಅನ್ನೋ ಆಸ್ಥಾನದವನದ್ದು ಅಂತ ಪುಕಾರು ಹಬ್ಬಿಸಿ, ಅವಳಿಗೆ ಬೆಲ್ತ್ರಾನೆಖಾ ಅಂತ ಅಡ್ಡಹೆಸರೇ ಅಂಟಿಸಿಬಿಟ್ರು. ಅದು ನಿಜ ಅಂತ ಯಾರೂ ಸಾಬೀತು ಮಾಡಿಲ್ಲ, ಆದ್ರೆ 560 ವರ್ಷ ಆದ್ರೂ ಪುಸ್ತಕಗಳಲ್ಲಿ ಅವಳು ಅದೇ ಹೆಸರಲ್ಲಿ ಇದ್ದಾಳೆ, ನನಗೆ ಇದು ಓದಿದಾಗೆಲ್ಲ ಹೊಟ್ಟೆ ಉರಿಯತ್ತೆ. ನೀವು ಬರ್ಕೊಳ್ಳೋವಾಗ ಹುವಾನಾ ಅಂತಲೇ ಬರ್ಕೊಳ್ಳಿ. 1464ರಲ್ಲಿ ರಾಜ ಸರದಾರರಿಗೆ ಹೆದರಿ ತಮ್ಮ ಅಲ್ಫೋನ್ಸೊಗೆ ಪಟ್ಟ ಒಪ್ಪಿದ, ಅವನು ಹುವಾನಾನ ಮದುವೆ ಆಗ್ಬೇಕು ಅನ್ನೋ ಷರತ್ತಿನ ಮೇಲೆ. ಬಾಣ ಬಲಕ್ಕೆ. 1465ರಲ್ಲಿ ಆವಿಲಾ ಊರಿನ ಹೊರಗೆ ಅಟ್ಟಣೆ ಕಟ್ಟಿ, ರಾಜನ ಬೊಂಬೆ ಮಾಡಿ ಕೂರಿಸಿ, ಒಬ್ಬ ಕಿರೀಟ ಕಿತ್ತು, ಒಬ್ಬ ಕತ್ತಿ ಕಿತ್ತು, ಒಬ್ಬ ರಾಜದಂಡ ಕಿತ್ತು, ಕೊನೆಗೆ ಬೊಂಬೆನ ಒದ್ದು ಕೆಳಗೆ ಉರುಳಿಸಿ, ಹನ್ನೊಂದು ವರ್ಷದ ಅಲ್ಫೋನ್ಸೊನ್ನೇ ರಾಜ ಅಂತ ಕೂಗಿದ್ರು. 1468ರ ಜುಲೈನಲ್ಲಿ ಅವನು ಸತ್ತ.

ಆಗ ಇಸಾಬೆಲ್ ಬರ್ತಾಳೆ, 17 ವರ್ಷ. 1468ರ ಸೆಪ್ಟೆಂಬರ್‌ನಲ್ಲಿ ಗಿಸಾಂದೊದ ಕಲ್ಲಿನ ಗೂಳಿಗಳ ಹತ್ತಿರ ಅಣ್ಣ ತಂಗಿ ಭೇಟಿ, ರಾಜ ಅವಳನ್ನ ಪ್ರಿನ್ಸೆಸಾ ಅಂತ ಒಪ್ಕೊಂಡ, ನನ್ನ ಕೇಳದೆ ಮದುವೆ ಆಗ್ಬಾರ್ದು ಅಂದ. ಆ ಗೂಳಿಗಳು ರೋಮನ್ನರಿಗಿಂತ ಹಿಂದಿನವು, ಬಯಲಲ್ಲಿ ಸಾಲಾಗಿ ನಾಲ್ಕು, ಇವತ್ತಿಗೂ ಹಾಗೇ ನಿಂತಿವೆ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಇಸಾಬೆಲ್ ಅಣ್ಣನ್ನ ಕೇಳದೆ ಪಕ್ಕದ ಆರಗೊನ್ ರಾಜ್ಯದ ಫೆರ್ನಾಂದೊನ ಮದುವೆ ಆದ್ಲು. ರಾಜ 1470ರಲ್ಲಿ ಅವಳ ಪಟ್ಟ ವಾಪಸ್ ತಗೊಂಡು ಮತ್ತೆ ಹುವಾನಾಗೆ ಕೊಟ್ಟ. ಬಾಣ ಎಡಕ್ಕೆ. 1474ರ ಡಿಸೆಂಬರ್ 11ಕ್ಕೆ ರಾಜ ತೀರ್ಕೊಂಡ, 13ಕ್ಕೇ ಸೆಗೋವಿಯಾದಲ್ಲಿ ಇಸಾಬೆಲ್ ತಾನೇ ರಾಣಿ ಅಂತ ಸಾರಿಸಿಬಿಟ್ಲು, ಎರಡೇ ದಿನದಲ್ಲಿ. ಆಮೇಲೆ ಯುದ್ಧ ನಡೆದು 1479ಕ್ಕೆ ಮುಗೀತು, ಹುವಾನಾ ಪೋರ್ಚುಗಲ್‌ನ ಕಾನ್ವೆಂಟ್ ಸೇರಿದ್ಲು, 1530ರ ತನಕ ಬದುಕಿದ್ಲು. ಕೊಲಂಬಸ್‌ನ ಕಳಿಸಿದ ರಾಣಿ ಇಸಾಬೆಲ್ ಇವಳೇ, ಪಟ್ಟ ಒಂದು ಬಾಣ ಆ ಕಡೆ ತಿರುಗಿದ್ರೆ ಅವಳ ಹೆಸರು ನಾವು ಕೇಳ್ತಾನೇ ಇರ್ಲಿಲ್ಲ.

ಇಲ್ಲಿ ಒಂದು ಗುರುತು ಹಾಕ್ಕೊಳ್ಳಿ, ಎರಡೆರಡು ಸಲ ಪಟ್ಟ ಸಿಕ್ಕವ್ರಿಗೆ ಬೇರೆ ಬಣ್ಣದ ಪೆನ್. ಹುವಾನಾ ಒಬ್ಬಳು. ಇನ್ನಿಬ್ಬರು ಮುಂದೆ ಬರ್ತಾರೆ, ಇಬ್ಬರ ಹೆಸರೂ ಇಸಾಬೆಲ್.

1497ರಿಂದ 1500: ಮೂರು ಸಾವು

ರಾಣಿ ಇಸಾಬೆಲ್‌ನ ದೊಡ್ಡ ಮಗಳು ಇಸಾಬೆಲ್‌ಗೆ 1476ರಲ್ಲಿ ಪಟ್ಟ, 1478ರಲ್ಲಿ ಮಗ ಹುವಾನ್ ಹುಟ್ಟಿದ್ಮೇಲೆ ಅದು ಅವನಿಗೆ ಹೋಯ್ತು. ಅಪ್ಪ ಅಮ್ಮನ ಎಲ್ಲ ಆಸೆ ಈ ಹುವಾನ್ ಮೇಲೆ, ಕಸ್ತೀಲ್ಯ ಆರಗೊನ್ ಎರಡೂ ಒಬ್ಬನ ತಲೆ ಮೇಲೆ ಬರೋದು ಇವನಿಂದಲೇ. 1497ರ ಏಪ್ರಿಲ್‌ನಲ್ಲಿ ಬುರ್ಗೋಸ್‌ನಲ್ಲಿ ಮದುವೆ, ಅಕ್ಟೋಬರ್ 4ಕ್ಕೆ ಸಾಲಮಾಂಕಾದಲ್ಲಿ ಸಾವು, 19 ವರ್ಷ. ಹೆಂಡತಿ ಬಸುರಿ, ಆ ಮಗುನೂ ಉಳೀಲಿಲ್ಲ. ಪಟ್ಟ ಮತ್ತೆ ಅಕ್ಕನಿಗೆ, ಅವಳು ಅಷ್ಟೊತ್ತಿಗೆ ಪೋರ್ಚುಗಲ್ ರಾಣಿ, 1498ರ ಆಗಸ್ಟ್‌ನಲ್ಲಿ ಸಾರಗೋಸಾದಲ್ಲಿ ಮಗನನ್ನ ಹೆತ್ತು ಬಾಣಂತಿಯಾಗೇ ತೀರ್ಕೊಂಡ್ಲು. ಆ ಕೂಸು ಮಿಗೆಲ್. ಪೋರ್ಚುಗಲ್, ಕಸ್ತೀಲ್ಯ, ಆರಗೊನ್ ಮೂರಕ್ಕೂ ಅವನೇ ವಾರಸುದಾರ, ಇಡೀ ಐಬೀರಿಯಾ ಹೆಚ್ಚುಕಮ್ಮಿ ಒಂದು ತೊಟ್ಟಿಲಲ್ಲಿ ಮಲಗಿತ್ತು. 1500ರ ಜುಲೈನಲ್ಲಿ ಗ್ರನಾಡಾದಲ್ಲಿ ಅಜ್ಜಿ ಕೈಯಲ್ಲೇ ಆ ಕೂಸೂ ಹೋಯ್ತು, ಎರಡು ವರ್ಷ ತುಂಬಿರ್ಲಿಲ್ಲ.

ಪಟ್ಟ ಎರಡನೇ ಮಗಳು ಹುವಾನಾಗೆ. ಅವಳನ್ನ ಕೊಟ್ಟಿದ್ದು ಆಸ್ಟ್ರಿಯಾ ಕಡೆಯ ಹ್ಯಾಬ್ಸ್‌ಬರ್ಗ್ ರಾಜಮನೆತನಕ್ಕೆ. ಅವಳ ಮಗ ಕಾರ್ಲೋಸ್ 1500ರಲ್ಲಿ ಗೆಂಟ್‌ನಲ್ಲಿ ಹುಟ್ಟಿದವನು, ಸ್ಪೇನ್‌ಗೆ ಕಾಲಿಡೋ ಮುಂಚೆನೇ ಸ್ಪೇನ್‌ನ ರಾಜ. ಹ್ಯಾಬ್ಸ್‌ಬರ್ಗ್ ವಂಶ ಸ್ಪೇನ್‌ಗೆ ಬಂದಿದ್ದು ಹೇಗೆ ಅಂತ ಪರೀಕ್ಷೆಲಿ ಕೇಳಿದ್ರೆ ಮದುವೆ ಸಂಬಂಧದಿಂದ ಅಂತ ಬರೀತಾರೆ, ಅದು ಅರ್ಧ ಉತ್ತರ, ಮೂರು ವರ್ಷದಲ್ಲಿ ಆದ ಮೂರು ಸಾವು ಉಳಿದರ್ಧ. ಆವಿಲಾದ ಸಾಂತೊ ತೊಮಾಸ್ ಮಠದಲ್ಲಿ ಹುವಾನ್ ಸಮಾಧಿ ಇದೆ, ಬಿಳಿ ಅಮೃತಶಿಲೆ, ಮೇಲೆ ಹುಡುಗ ಮಲಗಿರೋ ಹಾಗೆ ಕೆತ್ತಿದ್ದಾರೆ.

ಹ್ಯಾಬ್ಸ್‌ಬರ್ಗ್ ಮಕ್ಕಳನ್ನ ಚಿತ್ರ ನೋಡ್ಕೊಂಡು ಓದಿ

ಆ ಕಾರ್ಲೋಸ್‌ನ ಮಗ 2ನೇ ಫೆಲಿಪೆ, ಅವನ ಗಂಡುಮಕ್ಕಳನ್ನ ಬೇಗ ಬೇಗ ಓದಿ: ಕಾರ್ಲೋಸ್ 1560ರಲ್ಲಿ ಪ್ರಮಾಣ, 1562ರಲ್ಲಿ ಅಲ್ಕಲಾದಲ್ಲಿ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟು, 1568ರಲ್ಲಿ ಅಪ್ಪನೇ ಅವನನ್ನ ಕೂಡಿಹಾಕಿಸಿ ಅದೇ ವರ್ಷ ಜುಲೈನಲ್ಲಿ ಸಾವು. ಇವನ ಮೇಲೆ ನಾಟಕ ಒಪೆರಾ ಎಲ್ಲ ಬಂದಿವೆ, ಪ್ರೇಮಕಥೆ ಅದೂ ಇದೂ ಅಂತ, ಅದನ್ನೆಲ್ಲ ಇತಿಹಾಸ ಅಂತ ನೋಟ್ ಮಾಡ್ಕೋಬೇಡಿ. ಆಮೇಲೆ ಫೆರ್ನಾಂದೊ, 1578ರಲ್ಲಿ ಹೋದ. ಆಮೇಲೆ ದಿಯೇಗೊ, 1582ರಲ್ಲಿ ಸಿಡುಬಿಗೆ. ನಾಲ್ಕನೇ ಸಲ ಪಟ್ಟ ಸಿಕ್ಕವನೇ ಉಳಿದು 3ನೇ ಫೆಲಿಪೆ ಆದ.

4ನೇ ಫೆಲಿಪೆ ಮಕ್ಕಳಿಗೆ ಬಂದಾಗ ನಿಧಾನ ಮಾಡಿ, ಯಾಕಂದ್ರೆ ಇಲ್ಲಿ ವೆಲಾಸ್ಕೆಸ್ ಇದ್ದಾನೆ, ಲಿಸ್ಟ್‌ನಲ್ಲಿರೋ ಹೆಸರಿಗೆ ಮುಖ ಸಿಗತ್ತೆ. ಬಲ್ತಸಾರ್ ಕಾರ್ಲೋಸ್ ಪುಟ್ಟ ಕುದುರೆ ಮೇಲೆ ಸೇನಾಧಿಪತಿ ಥರ ಕೂತಿರೋ ಚಿತ್ರ ಪ್ರಾದೊದಲ್ಲಿದೆ, ಕುದುರೆ ಹೊಟ್ಟೆ ವಿಪರೀತ ದಪ್ಪ ಕಾಣತ್ತೆ, ಯಾಕಂದ್ರೆ ಅದನ್ನ ಬಾಗಿಲ ಮೇಲೆ ಎತ್ತರದಲ್ಲಿ ಹಾಕೋಕೆ ಅಂತ ಬರೆದದ್ದು, ಕೆಳಗೆ ನಿಂತು ಕತ್ತೆತ್ತಿ ನೋಡ್ಬೇಕು. ಆ ಹುಡುಗ 1646ರಲ್ಲಿ 16 ವರ್ಷಕ್ಕೇ ತೀರ್ಕೊಂಡ. ಮುಂದಿನ 11 ವರ್ಷ ಗಂಡು ಇಲ್ಲ, ಮಗಳು ಮರಿಯಾ ತೆರೇಸಾನೇ ಮುಂದಿನವಳು, ಆದ್ರೂ ಅವಳಿಗೆ ಪ್ರಮಾಣ ಮಾಡಿಸ್ಲೇ ಇಲ್ಲ, ರಾಜ ಗಂಡಿಗೋಸ್ಕರ ಕಾಯ್ತಾ ಕೂತ. 1657ರಲ್ಲಿ ಫೆಲಿಪೆ ಪ್ರೋಸ್ಪೆರೊ ಹುಟ್ಟಿದ.

ಅವನ ಚಿತ್ರ ಪ್ರಾದೊದಲ್ಲಿಲ್ಲ, ವಿಯೆನ್ನಾದಲ್ಲಿದೆ, 1659ರದ್ದು. ಇಂಟರ್‌ನೆಟ್‌ನಲ್ಲಿ ದೊಡ್ಡ ಸೈಜಲ್ಲಿ ತೆಗೆದು ಜೂಮ್ ಮಾಡಿ ನೋಡಿ. ಎರಡು ವರ್ಷದ ಮಗು, ಬಿಳಚಿದ ಮುಖ, ಪುಟ್ಟ ಕುರ್ಚಿ ಮೇಲೆ ಒಂದು ಕೈ, ಕುರ್ಚಿಲಿ ಒಂದು ಬಿಳಿ ನಾಯಿಮರಿ. ಬಿಳಿ ಏಪ್ರನ್ ಮೇಲೆ, ಸೊಂಟದ ಸುತ್ತ ದಾರದಲ್ಲಿ ಕಟ್ಟಿರೋ ಗಂಟೆ, ತಾಯತಗಳು. ದೃಷ್ಟಿ ತಾಗದೆ ಇರಲಿ, ಕಾಯಿಲೆ ಬರದೆ ಇರಲಿ ಅಂತ. ನಮ್ಮ ಮನೆಗಳಲ್ಲಿ ಕೂಸಿಗೆ ಉಡಿದಾರ ಕಟ್ಟಿ ಕೆನ್ನೆಗೆ ಕಪ್ಪು ಬೊಟ್ಟು ಇಡೋ ಕೈ ಯಾವ್ದೋ, ಆ ಅರಮನೆಲಿ ಗಂಟೆ ಕಟ್ಟಿದ ಕೈನೂ ಅದೇ, ಇದನ್ನ ನನಗೆ ಯಾರೂ ವಿವರಿಸಬೇಕಾಗಿ ಬರ್ಲಿಲ್ಲ. 1661ರ ನವೆಂಬರ್ 1ಕ್ಕೆ ಆ ಮಗು ಹೋಯ್ತು. ನವೆಂಬರ್ 6ಕ್ಕೆ ತಮ್ಮ ಕಾರ್ಲೋಸ್ ಹುಟ್ಟಿದ, ಐದು ದಿನದ ಅಂತರ. ಇವನೇ 2ನೇ ಕಾರ್ಲೋಸ್, ಮಕ್ಕಳಿಲ್ದೆ 1700ರಲ್ಲಿ ಸತ್ತು ಹ್ಯಾಬ್ಸ್‌ಬರ್ಗ್ ಸ್ಪೇನ್‌ನಲ್ಲಿ ಮುಗೀತು. ಪ್ರಮಾಣ ಸಿಗದ ಆ ಮರಿಯಾ ತೆರೇಸಾ 1660ರಲ್ಲಿ ಫ್ರಾನ್ಸ್‌ನ 14ನೇ ಲೂಯಿಯನ್ನ ಮದುವೆ ಆಗಿದ್ಲಲ್ಲ, ಅವಳ ಮೊಮ್ಮಗನೇ ಬಂದು 5ನೇ ಫೆಲಿಪೆ ಆದ, ಬೂರ್ಬೋನ್ ವಂಶ ಶುರು. ಪಟ್ಟ ಕೊಡದೆ ಇದ್ದವಳ ಕಡೆಯಿಂದಲೇ ಸಿಂಹಾಸನ ಹೋಯ್ತು.

ಬೂರ್ಬೋನ್ ಕಾಲ, 19ನೇ ಶತಮಾನದ ಗೋಜಲು

18ನೇ ಶತಮಾನ ಸಲೀಸು, ಒಂದು ಕಡೆ ಮಾತ್ರ ನಿಲ್ಲಿ. 5ನೇ ಫೆಲಿಪೆಯ ಮಗ ಲೂಯಿಸ್‌ಗೆ 1709ರಲ್ಲಿ ಪ್ರಮಾಣ, ಅಪ್ಪ 1724ರ ಜನವರಿಯಲ್ಲಿ ಸಿಂಹಾಸನ ಬಿಟ್ಕೊಟ್ಟ, ಆಗಸ್ಟ್ ಕೊನೆಗೆ ಲೂಯಿಸ್ ಸಿಡುಬಿಗೆ ಸತ್ತ, ಅಪ್ಪ ವಾಪಸ್ ಬಂದು ರಾಜ ಆದ. ಹಾಗಾಗಿ ರಾಜರ ಲಿಸ್ಟ್‌ನಲ್ಲಿ 5ನೇ ಫೆಲಿಪೆ ಎರಡು ಸಲ ಕಂಡ್ರೆ ಪ್ರಿಂಟ್ ತಪ್ಪು ಅಂತ ಅನ್ಕೋಬೇಡಿ.

ಈ 5ನೇ ಫೆಲಿಪೆನೇ 1713ರಲ್ಲಿ ಹೆಣ್ಣುಮಕ್ಕಳನ್ನ ಹೆಚ್ಚುಕಮ್ಮಿ ಹೊರಗಿಡೋ ಕಾನೂನು ತಂದಿದ್ದ. 7ನೇ ಫೆರ್ನಾಂದೊಗೆ ಬರೀ ಹೆಣ್ಣುಮಕ್ಕಳು, ಅವನು 1830ರಲ್ಲಿ ಅದನ್ನ ರದ್ದು ಮಾಡೋ ಆದೇಶ ಹೊರಡಿಸಿದ, 1833ರ ಜೂನ್ 20ಕ್ಕೆ ಎರಡೂವರೆ ವರ್ಷದ ಇಸಾಬೆಲ್‌ಗೆ ಪ್ರಮಾಣ ಮಾಡಿಸಿದ, ಸೆಪ್ಟೆಂಬರ್‌ನಲ್ಲಿ ಸತ್ತ. ಅವಸರ ಯಾಕೆ ಅಂತ ನಮ್ಮ ಪ್ರಶ್ನೆ ಕೇಳಿ: ರಾಜನ ತಮ್ಮ ಕಾರ್ಲೋಸ್ ಸಿಂಹಾಸನ ನಂದು ಅಂತ ಕಾಯ್ತಿದ್ದ. ಪ್ರಮಾಣ ಆದ್ರೂ ಅವನು ಸುಮ್ಮನಿರ್ಲಿಲ್ಲ, ಕಾರ್ಲಿಸ್ಟ್ ಯುದ್ಧಗಳು ಶುರುವಾದ್ವು.

ಎರಡನೇ ಸಲ ಪಟ್ಟ ಸಿಕ್ಕ ಇನ್ನೊಬ್ಬ ಇಸಾಬೆಲ್ ಈ ಪ್ರಮಾಣ ಆದ ಇಸಾಬೆಲ್‌ನ ಮಗಳೇ, ಲಾ ಚಾತಾ ಅಂತ ಜನ ಪ್ರೀತಿಯಿಂದ ಕರೀತಿದ್ರು, ಚಪ್ಪಟೆ ಮೂಗಿನವಳು ಅಂತ ಅರ್ಥ. 1851ರಲ್ಲಿ ಹುಟ್ಟಿದಾಗ ಪಟ್ಟ, 1857ರಲ್ಲಿ ತಮ್ಮ ಅಲ್ಫೋನ್ಸೊ ಹುಟ್ಟಿ ಹೋಯ್ತು. 1868ರ ಕ್ರಾಂತಿಲಿ ಇಡೀ ಮನೆತನ ದೇಶ ಬಿಡ್ತು. ನಡುವೆ ಇಟಲಿಯಿಂದ ಅಮದೆಯೊ ಅಂತ ರಾಜನ್ನ ಕರ್ಕೊಂಡು ಬಂದ್ರು, ಅವನ ಮಗ ಎಮಾನುವೆಲೆ ಫಿಲಿಬೆರ್ತೊ 1873ರ ತನಕ ಪ್ರಿನ್ಸ್ ಆಫ್ ಅಸ್ತೂರಿಯಾಸ್, ಈ ಹೆಸರು ಎಷ್ಟೋ ಲಿಸ್ಟ್‌ಗಳಲ್ಲಿ ಬಿಟ್ಟೇ ಹೋಗಿರತ್ತೆ, ಸೇರಿಸ್ಕೊಳ್ಳಿ. ತಮ್ಮ 12ನೇ ಅಲ್ಫೋನ್ಸೊ ಆಗಿ ವಾಪಸ್ ಬಂದಾಗ ಅವನಿಗೆ ಮಕ್ಕಳಿರ್ಲಿಲ್ಲ, ಮತ್ತೆ ಅಕ್ಕನೇ ಪ್ರಿನ್ಸೆಸಾ, 1880ರಲ್ಲಿ ಅವನಿಗೆ ಮಗಳು ಮೆರ್ಸೆದೆಸ್ ಹುಟ್ಟೋ ತನಕ. ಮೆರ್ಸೆದೆಸ್‌ಗೆ ಪಟ್ಟ ಕೊಡೋದಾ ಬೇಡ್ವಾ ಅಂತಾನೂ ಸರ್ಕಾರಗಳು ಹಗ್ಗಜಗ್ಗಾಟ ಮಾಡಿ 1881ರಲ್ಲಿ ಕೊಟ್ರು. 1885ರಲ್ಲಿ ರಾಜ ಸತ್ತಾಗ ರಾಣಿ ಬಸುರಿ, ಇಡೀ ದೇಶ ಉಸಿರು ಬಿಗಿ ಹಿಡ್ಕೊಂಡು ಕಾಯ್ತು, 1886ರ ಮೇ 17ಕ್ಕೆ ಹುಟ್ಟಿದ್ದು ಗಂಡು, ಹುಟ್ಟಿದ ಕ್ಷಣಕ್ಕೇ ರಾಜ. ಅವನು 13ನೇ ಅಲ್ಫೋನ್ಸೊ. ಹಾಗಾಗಿ ಅವನು ಯಾವತ್ತೂ ಪ್ರಿನ್ಸ್ ಆಫ್ ಅಸ್ತೂರಿಯಾಸ್ ಆಗಿರ್ಲಿಲ್ಲ. ಇದು ಒಳ್ಳೇ ಕ್ವಿಜ್ ಪ್ರಶ್ನೆ.

20ನೇ ಶತಮಾನದ ಬಲೆ

ಈಗಿನ ರಾಜನ ಅಪ್ಪ ಹುವಾನ್ ಕಾರ್ಲೋಸ್ ಪ್ರಿನ್ಸ್ ಆಫ್ ಅಸ್ತೂರಿಯಾಸ್ ಆಗಿದ್ರಾ? ಆಗ ಸ್ಪೇನ್ ಆಳ್ತಿದ್ದ ಸರ್ವಾಧಿಕಾರಿ ಫ್ರಾಂಕೊ 1969ರಲ್ಲಿ ಅವ್ರನ್ನ ಉತ್ತರಾಧಿಕಾರಿ ಅಂತ ಆರಿಸಿದಾಗ ಕೊಟ್ಟ ಬಿರುದು "ಪ್ರಿನ್ಸ್ ಆಫ್ ಸ್ಪೇನ್", ಹೊಸದಾಗಿ ಹುಟ್ಟಿಸಿದ್ದು. ಅಸ್ತೂರಿಯಾಸ್ ಅಂದ್ರೆ ಅಪ್ಪನಿಂದ ಮಗನಿಗೆ ಬರೋದು, ಆಗ ದೇಶದಿಂದ ಹೊರಗಿದ್ದ ಅಪ್ಪ ದೊನ್ ಹುವಾನ್ ಹಕ್ಕನ್ನ ಒಪ್ಪಿದ ಹಾಗಾಗತ್ತೆ, ಫ್ರಾಂಕೊಗೆ ಬೇಕಿದ್ದಿದ್ದು ತಾನು ನೆಟ್ಟ ರಾಜಪ್ರಭುತ್ವ. ಒಂದು ಬಿರುದಿನ ಆಯ್ಕೆಲಿ ಇಡೀ ರಾಜಕೀಯ ಇದೆ ನೋಡಿ. ಅದಕ್ಕೆ ಮುಂಚಿನ ಹೆಸರು 13ನೇ ಅಲ್ಫೋನ್ಸೊನ ದೊಡ್ಡ ಮಗ ಅಲ್ಫೋನ್ಸೊ, 1907ರಲ್ಲಿ ಹುಟ್ಟಿದವನು, ಹಿಮೋಫಿಲಿಯಾ ಇತ್ತು, 1933ರಲ್ಲಿ ಕ್ಯೂಬಾದ ಹುಡುಗಿನ ಮದುವೆ ಆಗೋಕೆ ಹಕ್ಕೇ ಬಿಟ್ಕೊಟ್ಟ, 1938ರಲ್ಲಿ ಮಯಾಮಿಲಿ ಕಾರ್ ಅಪಘಾತದ ಮೇಲೆ ರಕ್ತಸ್ರಾವ ಆಗಿ ತೀರ್ಕೊಂಡ.

ಈಗಿನ ರಾಜ ಫೆಲಿಪೆಗೆ ಅಪ್ಪ ರಾಜ ಆದ ತಕ್ಷಣ ಪಟ್ಟ ಬರ್ಲಿಲ್ಲ, 1977ರ ಜನವರಿಯಲ್ಲಿ ಆದೇಶ, ನವೆಂಬರ್ 1ಕ್ಕೆ ಕೋವದೋಂಗಾದಲ್ಲಿ ಸಮಾರಂಭ, ಆಗ 9 ವರ್ಷ. 1986ರಲ್ಲಿ 18 ತುಂಬಿದ ದಿನ ಸಂವಿಧಾನದ ಮೇಲೆ ಪ್ರಮಾಣ. ಇಲ್ಲಿ ಗಮನಿಸಿ, ಈಗ ಪ್ರಮಾಣ ತಿರುಗಾಮುರುಗಾ ಆಗಿದೆ, ಹಿಂದೆ ಸಭೆಯವ್ರು ಮಗುವಿಗೆ ಮಾಡ್ತಿದ್ರು, ಈಗ ವಾರಸುದಾರರೇ ಸಂಸತ್ತಿನ ಮುಂದೆ ನಿಂತು ಸಂವಿಧಾನಕ್ಕೆ ಮಾಡ್ತಾರೆ. ಲೆಯೊನೋರ್ ಮಾಡಿದ್ದು 2023ರ ಅಕ್ಟೋಬರ್ 31ಕ್ಕೆ, ಅವಳ 18ನೇ ಹುಟ್ಟುಹಬ್ಬದ ದಿನ.

ನಿಯಮ ಓದ್ಬೇಕು ಅಂದ್ರೆ 1978ರ ಸಂವಿಧಾನದ 57ನೇ ವಿಧಿ ಸಾಕು. ವಾರಸುದಾರರಿಗೆ ಹುಟ್ಟಿನಿಂದಲೇ, ಇಲ್ಲ ವಾರಸುದಾರರಾದ ಗಳಿಗೆಯಿಂದ ಈ ಪಟ್ಟ ಅಂತ ಎರಡನೇ ಕಲಂ ಹೇಳತ್ತೆ. ಮೊದಲನೇ ಕಲಂನಲ್ಲಿ ಮಾತ್ರ ಹಳೇದು ಉಳ್ಕೊಂಡಿದೆ, ಒಂದೇ ತಂದೆತಾಯಿ ಮಕ್ಕಳಲ್ಲಿ ಅಕ್ಕ ಇದ್ರೂ ತಮ್ಮನಿಗೇ ಮೊದಲು. ಅದಕ್ಕೇ ಫೆಲಿಪೆಗಿಂತ ದೊಡ್ಡವ್ರಾದ ಎಲೇನಾ, ಕ್ರಿಸ್ತೀನಾ ಇಬ್ಬರೂ ಇನ್ಫಾಂತಾ ಆಗೇ ಉಳಿದ್ರು. ಲೆಯೊನೋರ್‌ಗೆ ತಮ್ಮ ಇಲ್ಲ, ಹಾಗಾಗಿ ಅವಳಿಗೆ ಸಿಕ್ತು. 1402ರ ಮರಿಯಾನ ಕೆಳಗಿಳಿಸಿದ ನಿಯಮ ಇನ್ನೂ ಪುಸ್ತಕದಲ್ಲೇ ಇದೆ, ತಿದ್ದೋಕೆ ಎರಡು ಸಲ ಮೂರನೇ ಎರಡು ಬಹುಮತ, ನಡುವೆ ಚುನಾವಣೆ, ಕೊನೆಗೆ ಜನಮತಗಣನೆ ಬೇಕು, ಯಾವ ಸರ್ಕಾರನೂ ಕೈ ಹಾಕಿಲ್ಲ. ನನ್ನ ಪ್ರಕಾರ ಇದು ಯಾವತ್ತೋ ಹೋಗ್ಬೇಕಿತ್ತು.

ಲೆಯೊನೋರ್ ಹೆಸರಿನ ಜೊತೆ ಜಿರೋನಾ, ವಿಯಾನಾ ಪ್ರಿನ್ಸೆಸ್ ಅಂತಾನೂ ಕಂಡ್ರೆ ಗಾಬರಿ ಬೇಡ. ಅಸ್ತೂರಿಯಾಸ್ ಕಸ್ತೀಲ್ಯದ್ದು, ಜಿರೋನಾ ಆರಗೊನ್‌ದು, ವಿಯಾನಾ 1423ರಲ್ಲಿ ನವಾರ್ರದಲ್ಲಿ ಶುರುವಾಗಿದ್ದು, ಒಂದೊಂದು ಹಳೇ ರಾಜ್ಯಕ್ಕೆ ಒಂದೊಂದು.

ಇನ್ನು ಅಸ್ತೂರಿಯಾಸ್ ಅನ್ನೋ ನೆಲ. ಇವತ್ತಿಗೂ ಆ ರಾಜ್ಯದ ಅಧಿಕೃತ ಹೆಸರು ಪ್ರಿನ್ಸಿಪಾದೊ ದೆ ಅಸ್ತೂರಿಯಾಸ್, ಆದ್ರೆ ಆಳೋದು ಚುನಾಯಿತ ಸರ್ಕಾರ, ಪ್ರಿನ್ಸೆಸಾಗೆ ಅಲ್ಲಿ ಅಧಿಕಾರ ಏನೂ ಇಲ್ಲ. ಸಂಬಂಧ ಕಣ್ಣಿಗೆ ಕಾಣೋದು ವರ್ಷಕ್ಕೊಂದು ಸಲ, ಅಕ್ಟೋಬರ್‌ನಲ್ಲಿ, ರಾಜಧಾನಿ ಒವಿಯೆದೊದ ಕಾಂಪೊಆಮೋರ್ ಥಿಯೇಟರ್‌ನಲ್ಲಿ ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್ ಪ್ರಶಸ್ತಿ ಕೊಡೋವಾಗ. ಹೊರಗೆ ಬೀದಿ ತುಂಬಾ ಗಾಯ್ತಾ ವಾದ್ಯ, ಉಸಿರು ತುಂಬಿ ಊದೋ ಚೀಲದ ವಾದ್ಯ ಅದು, ಒಳಗೆ ವಿಜೇತರಿಗೆ ಜೋವಾನ್ ಮಿರೊ ಅನ್ನೋ ಕಲಾವಿದ ಮಾಡಿದ ಶಿಲ್ಪ. 1981ರಲ್ಲಿ ಮೊದಲ ಪ್ರಶಸ್ತಿ, 13 ವರ್ಷದ ಫೆಲಿಪೆ ಮೊದಲ ಭಾಷಣ ಮಾಡಿದ್ದು ಅಲ್ಲೇ, ಲೆಯೊನೋರ್ ಮೊದಲ ಭಾಷಣ ಅಲ್ಲಿ ಮಾಡಿದ್ದು 2019ರಲ್ಲಿ, ಅವಳಿಗೂ ಇನ್ನೇನು 14. ಅಮರ್ತ್ಯ ಸೇನ್‌ಗೆ 2021ರಲ್ಲಿ ಈ ಪ್ರಶಸ್ತಿ ಬಂದಿದೆ. ಅದಕ್ಕೂ ಮುಂಚೆ, ಇನ್ನೂ ಪ್ರಿನ್ಸ್ ಹೆಸರಲ್ಲಿದ್ದಾಗ, 1998ರಲ್ಲಿ ಸೌಹಾರ್ದ ವಿಭಾಗದ ಪ್ರಶಸ್ತಿ ಪಡೆದವ್ರಲ್ಲಿ ಒಬ್ಬರು ವಿಸೆಂತೆ ಫೆರೆರ್, ಸ್ಪೇನ್‌ನಿಂದ 1952ರಲ್ಲಿ ಭಾರತಕ್ಕೆ ಬಂದವ್ರು, 1969ರಿಂದ 2009ರಲ್ಲಿ ತೀರ್ಕೊಳ್ಳೋ ತನಕ ಅನಂತಪುರದಲ್ಲೇ ಇದ್ದು ಆಸ್ಪತ್ರೆ, ಶಾಲೆ, ಮನೆ, ನೀರು ಅಂತ ಕೆಲಸ ಮಾಡಿದ್ರು. ನಮ್ಮ ಪಾವಗಡ ದಾಟಿದ್ರೆ ಸಿಗೋ ಬರಗಾಲದ ಜಿಲ್ಲೆ ಅದು. ಬೆಂಗಳೂರಿಂದ ಹೈದರಾಬಾದ್ ಹೈವೇಲಿ ಹೋಗೋರು ಅನಂತಪುರದ ಹತ್ತಿರ ಆರ್‌ಡಿಟಿ ಅಂತ ಬೋರ್ಡ್ ನೋಡಿರ್ತೀರ, ಅದು ಅವ್ರು ಕಟ್ಟಿದ ಸಂಸ್ಥೆ.